ಒಳ್ಳೆಯ ದೇವರಿರುವಾಗ ನೋವೇಕೆ? ಬೈಬಲ್ ಅಧ್ಯಯನ ಕೂಟಕ್ಕೆ ಟಿಪ್ಪಣಿ

ಈ ಪ್ರಶ್ನೆ ಕೇಳುವವರು ಎರಡು ಬಗೆ. ಕಾಲೇಜಿಗೆ ಹೋಗುವ ಹುಡುಗ, "ದೇವರು ಒಳ್ಳೆಯವರೂ ಸರ್ವಶಕ್ತರೂ ಆಗಿದ್ದರೆ ಲೋಕದಲ್ಲಿ ಕೇಡು ಇರಬಾರದಲ್ಲ?" ಎಂದು ಕೇಳುತ್ತಾನೆ. ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಕಡೆ, ಹುಟ್ಟಿದಂದಿನಿಂದ ಎದ್ದು ಕೂರಲಾಗದ, ಈಗ ಬೆಳೆದು ದೊಡ್ಡವನಾದ ಮಗನಿಗೆ ಇವತ್ತಿಗೂ ಗಂಜಿ ಉಣಿಸುವ ತಾಯಿ, "ದೇವರು ಯಾಕೆ ಹೀಗೆ ಮಾಡಿದರು?" ಎಂದು ಕೇಳುತ್ತಾರೆ. ಹುಡುಗನಿಗೆ ಬೇಕಾದ್ದು ವಾದ. ಅದೇ ವಾದವನ್ನು ತಾಯಿಯ ಮುಂದೆ ಬಿಚ್ಚಿದರೆ ಗಾಯಕ್ಕೆ ಉಪ್ಪು ಸವರಿದ ಹಾಗೆ. ಹಾಗೆಂದು ಹುಡುಗನಿಗೆ "ಸುಮ್ಮನೆ ಪ್ರಾರ್ಥನೆ ಮಾಡು" ಎಂದರೆ ಅವನು ಮುಂದಿನ ವಾರ ಕೂಟಕ್ಕೆ ಬರುವುದಿಲ್ಲ. ಕೇಳುತ್ತಿರುವವರು ಯಾರು ಎಂದು ಮೊದಲು ನೋಡಿಕೊಳ್ಳಿ.

ವಾದದ ಬಿಗಿ ಎಲ್ಲಿದೆ

ವಾದ ಹಳೆಯದು. ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸ್‌ನದೆಂದು ಹೇಳಿ ಇದನ್ನು ಬರೆದಿಟ್ಟವನು 4ನೇ ಶತಮಾನದ ಆರಂಭದ ಕ್ರೈಸ್ತ ಲೇಖಕ ಲಾಕ್ಟಾನ್ಷಿಯಸ್. 1955ರಲ್ಲಿ ತತ್ತ್ವಜ್ಞಾನಿ ಜೆ.ಎಲ್. ಮ್ಯಾಕಿ ಅದನ್ನು ತರ್ಕದ ಚೌಕಟ್ಟಿಗೆ ತಂದರು. ದೇವರು ಸರ್ವಶಕ್ತರು, ದೇವರು ಪೂರ್ತಿಯಾಗಿ ಒಳ್ಳೆಯವರು, ಕೇಡು ಇದೆ: ಈ ಮೂರು ಮಾತುಗಳು ಒಟ್ಟಿಗೆ ನಿಜವಾಗಲಾರವು ಎಂಬುದು ವಾದ.

ಮೂರನ್ನು ಪಕ್ಕಪಕ್ಕ ಇಟ್ಟ ಮಾತ್ರಕ್ಕೆ ವಿರೋಧ ಕಾಣಿಸುವುದಿಲ್ಲ. ಇನ್ನೆರಡು ಮಾತು ಸೇರಿಸಿಕೊಳ್ಳಬೇಕು. ಒಳ್ಳೆಯವರು ಕೈಲಾದ ಮಟ್ಟಿಗೆ ಕೇಡನ್ನು ತೆಗೆದೇ ತೀರುತ್ತಾರೆ, ಸರ್ವಶಕ್ತರಿಗೆ ಮಿತಿಯೇ ಇಲ್ಲ. ಮ್ಯಾಕಿಯೂ ಇವನ್ನು ಸೇರಿಸಿಕೊಂಡೇ ವಾದಿಸಿದ್ದಾರೆ. ಚರ್ಚೆಯಲ್ಲಿ ಪರೀಕ್ಷಿಸಬೇಕಾದ್ದು ಈ ಎರಡನ್ನು.

ಸರ್ವಶಕ್ತರೆಂದರೆ ನಾಲ್ಕು ಮೂಲೆಯ ವೃತ್ತ ಬರೆಯಬಲ್ಲವರು ಎಂದಲ್ಲ. ಅದು ಅರ್ಥವಿಲ್ಲದ ಮಾತೇ ಹೊರತು ಶಕ್ತಿಯ ಪ್ರಶ್ನೆಯಲ್ಲ. ಸ್ವತಂತ್ರವಾಗಿ ಪ್ರೀತಿಸುವ ಮನುಷ್ಯನನ್ನು ಸೃಷ್ಟಿಸಿ, ಅವನು ತಪ್ಪನ್ನು ಆರಿಸಿಕೊಳ್ಳದಂತೆ ಕಟ್ಟಿಹಾಕುವುದೂ ಅಂಥದ್ದೇ ಎಂದು ಕ್ರೈಸ್ತ ತತ್ತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗ 1974ರ ಹೊತ್ತಿಗೆ ವಿವರವಾಗಿ ವಾದಿಸಿದರು. ನೋವಿಗೆ ದೇವರ ನಿಜವಾದ ಕಾರಣ ಇದೇ ಎಂದು ಅವರು ಹೇಳಲಿಲ್ಲ. ಇಂಥ ಒಂದು ಕಾರಣ ಇರುವುದು ಸಾಧ್ಯ ಎಂದಾದರೆ ಸಾಕು, ಆ ಮೂರು ಮಾತುಗಳ ನಡುವೆ ತರ್ಕದ ವಿರೋಧವಿಲ್ಲ ಎಂದಷ್ಟೇ ತೋರಿಸಿದರು. ಕೂಟಗಳಲ್ಲಿ ಎಡವುವುದು ಇಲ್ಲಿಯೇ. ತರ್ಕದ ಗಂಟು ಬಿಚ್ಚಿದ್ದನ್ನು ನೋವಿನ ಕಾರಣ ಸಿಕ್ಕಿತು ಎಂದು ತಿಳಿದುಕೊಳ್ಳುತ್ತೇವೆ.

ಪ್ರಸಂಗಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಹೋಲಿಕೆಯನ್ನು ಬಿಟ್ಟುಬಿಡುವುದು ವಾಸಿ: ಡಾಕ್ಟರು ಸೂಜಿ ಚುಚ್ಚಿ ನೋವು ಕೊಡುವುದು ರೋಗ ವಾಸಿಮಾಡಲಿಕ್ಕೆ, ದೇವರೂ ಹಾಗೆ ಎಂಬುದು. ಡಾಕ್ಟರು ಚುಚ್ಚುವುದು ಅವರಿಗೆ ಬೇರೆ ದಾರಿ ಇಲ್ಲದ್ದರಿಂದ. ಸರ್ವಶಕ್ತರಿಗೂ ಬೇರೆ ದಾರಿ ಇರಲಿಲ್ಲವೇ ಎಂದು ಬುದ್ಧಿವಂತ ಹುಡುಗ ಕೇಳಿದರೆ ಹೋಲಿಕೆ ಅಲ್ಲಿಗೇ ಬಿತ್ತು.

ಮನುಷ್ಯ ಮಾಡಿದ ಕೇಡು, ಪ್ರಕೃತಿಯಿಂದ ಬಂದ ನೋವು

ಇವೆರಡನ್ನು ಬೇರೆ ಮಾಡದೆ ಮುಂದೆ ಹೋಗಬೇಡಿ. ನಮ್ಮ ಜಿಲ್ಲೆಯ ಗೇರು ತೋಟಗಳನ್ನೇ ನೋಡಿ. ಸರ್ಕಾರಿ ಒಡೆತನದ ತೋಟಗಳಲ್ಲಿ ಟೀ ಸೊಳ್ಳೆ ಎಂಬ ಕೀಟದ ಕಾಟಕ್ಕೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ತೋಟ ಗುಡ್ಡದ ನೆತ್ತಿಯಲ್ಲಿ, ಮನೆಗಳು ಕಣಿವೆಯಲ್ಲಿ, ಕುಡಿಯುವ ನೀರು ತೋಡು, ಕೆರೆ, ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ. ಸರ್ಕಾರದ ಪಟ್ಟಿಯಲ್ಲೇ ಸಾವಿರಾರು ಸಂತ್ರಸ್ತರಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟು ಈ ವಿಷವನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಹಣ ಬಹುಪಾಲು ಜನರ ಕೈಸೇರದೆ 2022ರಲ್ಲಿ ಮತ್ತೆ ತರಾಟೆಗೆ ತೆಗೆದುಕೊಳ್ಳಬೇಕಾಯಿತು.

ಇದನ್ನು "ದೇವರ ಚಿತ್ತ" ಎಂದು ಕರೆದರೆ ಮನುಷ್ಯರ ಲೆಕ್ಕವನ್ನು ದೇವರ ಖಾತೆಗೆ ಬರೆದಂತೆ. ಕೂಲಿಯಾಳಿನ ಹಿಡಿದಿಟ್ಟ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎನ್ನುತ್ತದೆ ಯಾಕೋಬ 5:4. ಅನ್ಯಾಯದಿಂದ ಬಂದ ನೋವಿಗೆ ಬೈಬಲ್ ಸಮಾಧಾನ ಹೇಳಿ ಮುಗಿಸುವುದಿಲ್ಲ, ನ್ಯಾಯ ಕೇಳುತ್ತದೆ.

ಸ್ವಾತಂತ್ರ್ಯದ ಉತ್ತರಕ್ಕೂ ಒಂದು ಗಡಿ ಇದೆ, ಅದನ್ನು ಮುಚ್ಚಿಡಬಾರದು. ಆರಿಸಿಕೊಂಡವರು ಸಿಂಪಡಿಸಿದವರು, ಅನುಭವಿಸಿದ್ದು ಆಗಿನ್ನೂ ಹುಟ್ಟಿರದ ಮಗು. ಮನುಷ್ಯರು ತಪ್ಪು ಮಾಡುವುದನ್ನು ದೇವರು ಏಕೆ ಬಿಡುತ್ತಾರೆ ಎಂಬುದಕ್ಕೆ ಈ ಉತ್ತರ ಸಾಕಾಗಬಹುದು. ಈ ಮಗುವೇ ಏಕೆ ಎಂಬುದಕ್ಕೆ ಸಾಲದು.

ಪ್ರಕೃತಿಯ ವಿಷಯ ಇನ್ನೂ ಕಷ್ಟ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ನಿನಲ್ಲಿ ಭೂಕಂಪವಾಗಿ ಪೂಜೆಗೆ ಸೇರಿದ್ದ ಜನರ ಮೇಲೆ ಇಗರ್ಜಿಗಳು ಕುಸಿದವು. ಅಲ್ಲಿ ಯಾರ ಆಯ್ಕೆಯೂ ಇಲ್ಲ. ಇದಕ್ಕೆ ಹಲವರು ಕೊಡುವ ಉತ್ತರವೆಂದರೆ, ನಿಯಮಬದ್ಧವಾಗಿ ನಡೆಯುವ ಲೋಕದಲ್ಲಿ ಮಾತ್ರ ಮನುಷ್ಯ ಯೋಚಿಸಿ ಬದುಕಬಲ್ಲ, ಆದರೆ ಅದೇ ನಿಯಮ ಕೆಡವಲೂಬಲ್ಲದು. ಜೂನ್ ಮಳೆ ಮುರಕಲ್ಲಿನ ಗುಡ್ಡದೊಳಕ್ಕೆ ಇಂಗಿದರೆ ಬೇಸಿಗೆಗೆ ಸುರಂಗದಲ್ಲಿ ನೀರು. ಅದೇ ಮಳೆ ಕಡಿದಾದ ಬದಿಯಲ್ಲಿ ಹೆಚ್ಚಾಗಿ ಇಂಗಿದರೆ ಬರೆ ಜರಿದು ಮನೆಯ ಮೇಲೆ ಬೀಳುತ್ತದೆ. ನೀರು ಬೇಕು, ಇಂಗುವುದು ಬೇಡ ಎನ್ನಲಾಗದು. ಈ ಉತ್ತರ ಸ್ವಲ್ಪ ದೂರ ನಡೆಯುತ್ತದೆ. ಅಪೊಸ್ತಲ ಪೌಲ ಇನ್ನೂ ಮುಂದೆ ಹೋಗಿ, ಇಡೀ ಸೃಷ್ಟಿ ಹೆರಿಗೆಯ ನೋವಿನಲ್ಲಿ ನರಳುತ್ತಿದೆ ಎನ್ನುತ್ತಾನೆ (ರೋಮ 8:22). ಅಂದರೆ ಈಗಿರುವ ಲೋಕ ದೇವರು ಬಯಸಿದ ಕೊನೆಯ ರೂಪವಲ್ಲ.

ಎರಡೂ ಬೆರೆತು ಬರುವುದೂ ಉಂಟು. 2020ರ ಮಾರ್ಚಿನಲ್ಲಿ ಕೊರೊನಾ ಹಬ್ಬಿದಾಗ ಕರ್ನಾಟಕವು ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ನಮ್ಮ ಕಡೆಯ ಬೇರೆ ಕಾಯಿಲೆಯ ರೋಗಿಗಳು ತೀರಿಕೊಂಡರು. ವೈರಸ್ ಪ್ರಕೃತಿಯದು, ಮುಚ್ಚಿದ ರಸ್ತೆ ಮನುಷ್ಯರದು.

ಹಿಂದಿನವರು ಹಿಡಿದ ಎರಡು ದಾರಿಗಳ ಹೆಸರು ತಿಳಿದಿರಲಿ. ಸಂತ ಅಗಸ್ಟೀನ್ ಪ್ರಕಾರ ಕೇಡು ಸ್ವತಂತ್ರವಾದ ವಸ್ತುವಲ್ಲ, ಒಳ್ಳೆಯದರ ಕೊರತೆ, ಕುರುಡು ದೃಷ್ಟಿಯ ಕೊರತೆಯಾಗಿರುವಂತೆ. 2ನೇ ಶತಮಾನದ ಬಿಷಪ್ ಐರೇನಿಯಸ್, ಮನುಷ್ಯ ಇನ್ನೂ ಬೆಳೆಯಬೇಕಾದವನು ಎಂದ. 1966ರಲ್ಲಿ ದೇವಶಾಸ್ತ್ರಜ್ಞ ಜಾನ್ ಹಿಕ್ ಅದನ್ನು ಬೆಳೆಸಿ, ನೋವಿನಲ್ಲಿ ಆತ್ಮ ಪಕ್ವವಾಗುತ್ತದೆ ಎಂದರು. ಎಲ್ಲರೂ ಪಕ್ವವಾಗುವುದಿಲ್ಲ, ಕೆಲವರು ಮುರಿದೇ ಹೋಗುತ್ತಾರೆ ಎಂಬುದನ್ನು ನೆನಪಿಟ್ಟು ಈ ಎರಡನೆಯದನ್ನು ಬಳಸಿ.

ಯೋಬನ ಪುಸ್ತಕ ಓದುವ ಕ್ರಮ

ತಪ್ಪು ಮಾಡದೆಯೇ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬ ಮತ್ತು ಅವನನ್ನು ಸಂತೈಸಲು ಬಂದ ಮೂವರು ಗೆಳೆಯರ ಕತೆ ಇದು. 42 ಅಧ್ಯಾಯ ಒಮ್ಮೆಗೇ ಓದಹೊರಟರೆ ಕೂಟ ತೂಕಡಿಸುತ್ತದೆ. 1ರಿಂದ 5, ಆಮೇಲೆ 8, 11, 19, ಕೊನೆಗೆ 38ರಿಂದ 42 ಸಾಕು. ಓದುವಾಗ ಗೆಳೆಯರ ಮಾತು ಹೇಗೆ ಏರುತ್ತ ಹೋಗುತ್ತದೆಂದು ಗುರುತು ಹಾಕಿಕೊಳ್ಳಿ. ಏಳು ದಿನ ಅವರು ಯೋಬನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು (2:13). ಅಲ್ಲಿಯವರೆಗೆ ಅವರದ್ದು ಸರಿ. 4:7ರಲ್ಲಿ ಎಲೀಫಜ ಮೃದುವಾಗಿಯೇ, ನಿರಪರಾಧಿ ಯಾರಾದರೂ ನಾಶವಾದದ್ದುಂಟೇ ಎಂದು ಕೇಳುತ್ತಾನೆ. 8:4ರಲ್ಲಿ ಬಿಲ್ದದ, ಸತ್ತ ಮಕ್ಕಳೇ ಪಾಪ ಮಾಡಿರಬೇಕು ಎಂಬಲ್ಲಿಗೆ ಬರುತ್ತಾನೆ, ಅದೂ ಹತ್ತು ಮಕ್ಕಳನ್ನು ಕಳೆದುಕೊಂಡ ತಂದೆಯ ಎದುರು. 11:6ರಲ್ಲಿ ಚೋಫರನಿಗೆ ಅದೂ ಸಾಲದು: ನಿನ್ನ ಪಾಪಕ್ಕೆ ಸಿಗಬೇಕಾದ್ದಕ್ಕಿಂತ ಕಡಿಮೆಯೇ ಸಿಕ್ಕಿದೆ ಎನ್ನುತ್ತಾನೆ. ಮೂವರ ಸೂತ್ರ ಒಂದೇ: ನೋವು ಬಂದಿದೆ, ಆದ್ದರಿಂದ ಪಾಪ ಇದೆ. 42:7ರಲ್ಲಿ ದೇವರು ಈ ಸೂತ್ರವನ್ನು ತಳ್ಳಿಹಾಕುತ್ತಾರೆ. ದೇವರ ಮೇಲೆ ಕೂಗಾಡಿದ ಯೋಬನ ಮಾತು ಸರಿ, ದೇವರ ಪರ ವಕಾಲತ್ತು ವಹಿಸಿದವರ ಮಾತು ತಪ್ಪು.

38ರಿಂದ ದೇವರು ಮಾತಾಡುವಾಗ ಒಂದು ವಿಷಯ ತಪ್ಪದೆ ಗಮನಿಸಿ. ಮೊದಲ ಎರಡು ಅಧ್ಯಾಯಗಳಲ್ಲಿ ಸೈತಾನನ ಜೊತೆ ನಡೆದ ಮಾತುಕತೆ ಓದುಗರಿಗೆ ಗೊತ್ತು, ಯೋಬನಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಕಾರಣ ಇತ್ತು, ಅದು ಅವನಿಗೆ ತಿಳಿಯಲಿಲ್ಲ. ಅವನಿಗೆ ಸಿಕ್ಕಿದ್ದು ಕಾರಣವಲ್ಲ, ದೇವರ ಭೇಟಿ. 1979ರಲ್ಲಿ ತತ್ತ್ವಜ್ಞಾನಿ ವಿಲಿಯಂ ರೋ ಎತ್ತಿದ ಪ್ರಶ್ನೆಗೂ ಇಲ್ಲಿಂದಲೇ ಉತ್ತರ ಹುಡುಕುತ್ತಾರೆ. ಕಾಡ್ಗಿಚ್ಚಿನಲ್ಲಿ ಯಾರೂ ಕಾಣದೆ ಬೆಂದು, ದಿನಗಟ್ಟಲೆ ನರಳಿ ಸಾಯುವ ಜಿಂಕೆಮರಿಯ ನೋವಿನಿಂದ ಏನು ಒಳ್ಳೆಯದಾಯಿತು ಎಂದು ಅವರು ಕೇಳಿದ್ದರು. ನಮಗೆ ಕಾರಣ ಕಾಣದ ಮಾತ್ರಕ್ಕೆ ಕಾರಣವೇ ಇಲ್ಲ ಎನ್ನಲಾಗದು ಎಂಬುದು ಉತ್ತರ. ಇದನ್ನು ನಮ್ಮ ಅಜ್ಞಾನ ಒಪ್ಪಿಕೊಳ್ಳಲು ಬಳಸಿ, ಅಳುವವರ ಬಾಯಿ ಮುಚ್ಚಿಸಲು ಬೇಡ.

ಕೊನೆಯ ಅಧ್ಯಾಯ ತೋರಿಸಿ "ಕಳಕೊಂಡದ್ದರ ಎರಡರಷ್ಟು ಸಿಗುತ್ತದೆ" ಎಂದು ಬೋಧಿಸುವವರಿದ್ದಾರೆ. ಕುರಿಗಳು 7000 ಇದ್ದದ್ದು 14,000 ಆದವು, ನಿಜ. ಮಕ್ಕಳು ಮೊದಲೂ ಏಳು ಗಂಡು ಮೂರು ಹೆಣ್ಣು, ಆಮೇಲೂ ಅಷ್ಟೇ. ಸತ್ತವರು ಯಾರೂ ಆ ಪುಸ್ತಕದಲ್ಲಿ ತಿರುಗಿ ಬರಲಿಲ್ಲ.

"ಯಾರ ಪಾಪ?"

ಕಷ್ಟ ಬಂದಾಗ ಪ್ರಾರಬ್ಧ, ಶಾಪ, ದೋಷ ಎಂಬ ಮಾತು ನಮ್ಮ ಸುತ್ತ ಸಹಜ. ಶಿಷ್ಯರೂ ಹಾಗೇ ಕೇಳಿದರು: ಈ ಹುಟ್ಟುಕುರುಡು ಯಾರ ಪಾಪದಿಂದ, ಇವನದೋ ತಂದೆತಾಯಿಯದೋ? ಎರಡೂ ಅಲ್ಲ ಎಂದರು ಯೇಸು (ಯೋಹಾನ 9:3). ಸಿಲೋವದ ಗೋಪುರ ಬಿದ್ದು ಸತ್ತ 18 ಜನ ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದೂ ಹೇಳಿದರು (ಲೂಕ 13:4-5). ಪಾಪದಿಂದ ಲೋಕಕ್ಕೆ ನೋವು ಬಂದಿದೆ ಎಂದು ಕ್ರೈಸ್ತ ಸಭೆ ನಂಬುತ್ತದೆ. ಇವರ ನೋವು ಇವರ ಪಾಪದಿಂದ ಎಂದು ಬೊಟ್ಟು ಮಾಡುವ ಹಕ್ಕು ನಮಗಿಲ್ಲ. ಅಂಗವಿಕಲ ಮಗುವಿನ ತಾಯಿಗೆ ಯಾರಾದರೂ ಪಾಪನಿವೇದನೆ ಮಾಡಿಕೊಳ್ಳಿ ಎಂದು ಸೂಚಿಸಿದರೆ ಅದು ಬಿಲ್ದದನ ಸಾಲು, ಅಲ್ಲೇ ತಡೆಯಿರಿ.

ಶಿಲುಬೆ

ಕ್ರೈಸ್ತರ ಉತ್ತರ ಬೇರೆಯವರದಕ್ಕಿಂತ ಬೇರೆಯಾಗುವುದು ಇಲ್ಲಿ. ನೋವಿನ ಬಗ್ಗೆ ಮಾತಾಡುವ ದೇವರು ನೋವಿನ ಒಳಗೆ ಬಂದರು. "ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ?" ಎಂದು ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು. ಹಾಗಾಗಿ ಆ ತಾಯಿಯ "ಯಾಕೆ" ಅವಿಶ್ವಾಸವಲ್ಲ, ದೇವರ ಮಗನ ಬಾಯಲ್ಲೇ ಬಂದ ಪ್ರಶ್ನೆ. ದೇವರು ನಿಜವಾಗಿ ನೊಂದರೇ ಎಂಬುದರಲ್ಲಿ ಸಭೆಯೊಳಗೆ ಭಿನ್ನ ಅಭಿಪ್ರಾಯಗಳಿವೆ. 451ರ ಕಲ್ಸೆದೋನ್ ಮಹಾಸಭೆ ಒಪ್ಪಿದ ದೇವ, ಮನುಷ್ಯ ಎಂಬ ಎರಡು ಸ್ವಭಾವಗಳ ಪ್ರಕಾರ, ಕ್ರಿಸ್ತರು ನೊಂದದ್ದು ತಮ್ಮ ಮನುಷ್ಯ ಸ್ವಭಾವದಲ್ಲಿ ಎಂಬುದು ಹಳೆಯ ಬೋಧನೆ. 1972ರಲ್ಲಿ ಜರ್ಮನ್ ದೇವಶಾಸ್ತ್ರಜ್ಞ ಯುರ್ಗನ್ ಮೋಲ್ಟ್‌ಮನ್, ತಂದೆಯೂ ಮಗನನ್ನು ಕಳೆದುಕೊಂಡ ದುಃಖ ಉಂಡರು ಎಂದರು. ಎರಡನ್ನೂ ಕೂಟದ ಮುಂದಿಡಿ. ಕುಂಬಳೆಯ ಹತ್ತಿರದ ಬೇಳದಲ್ಲಿ 1890ರಿಂದ ಇರುವ ಇಗರ್ಜಿ ಶೋಕಮಾತೆಯ ಹೆಸರಿನದು. ಖಡ್ಗವೊಂದು ನಿನ್ನ ಪ್ರಾಣವನ್ನು ತಿವಿಯುವುದು ಎಂದು ಮರಿಯಳಿಗೆ ಸಿಮೆಯೋನ ಹೇಳಿದ ಮಾತು (ಲೂಕ 2:35) ಓದಲು ಅದಕ್ಕಿಂತ ತಕ್ಕ ಜಾಗ ನಮ್ಮ ಕಡೆ ಇಲ್ಲ.

ಪುನರುತ್ಥಾನವನ್ನು ಬಿಟ್ಟರೆ ಇದು ಅರ್ಧ ಉತ್ತರ. ಮರಣ ಕೊನೆಯ ಶತ್ರು ಎನ್ನುತ್ತಾನೆ ಪೌಲ (1 ಕೊರಿಂಥ 15:26). ಶತ್ರುವನ್ನು ದೇವರ ಉಡುಗೊರೆ ಎಂದು ಅಲಂಕರಿಸುವ ಅಗತ್ಯ ನಮಗಿಲ್ಲ.

ನೊಂದವರ ಮನೆಗೆ ಹೋದಾಗ

"ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾರೆ" ಎಂಬ ಮಾತು ಬೈಬಲಿನ ಬೋಧನೆಯಲ್ಲ. "ತಾಳಲಾರದ ಭಾರ ದೇವರು ಕೊಡುವುದಿಲ್ಲ" ಎನ್ನಲು 1 ಕೊರಿಂಥ 10:13ನ್ನು ಎಳೆಯುತ್ತಾರೆ, ಅಲ್ಲಿರುವುದು ಪಾಪಕ್ಕೆ ಸೆಳೆಯುವ ಶೋಧನೆಯ ವಿಷಯ. ಭಾರದ ವಿಷಯದಲ್ಲಿ ಅದೇ ಪೌಲ, ನಮ್ಮ ಶಕ್ತಿಗೆ ಮೀರಿದ ಭಾರ ಬಂದು ಬದುಕುವ ಆಸೆಯನ್ನೇ ಬಿಟ್ಟೆವು ಎಂದಿದ್ದಾನೆ (2 ಕೊರಿಂಥ 1:8). ರೋಮ 8:28 ಕೂಡ ನಡೆದದ್ದೆಲ್ಲ ಒಳ್ಳೆಯದು ಎನ್ನುವುದಿಲ್ಲ. ದೇವರು ಅದರೊಳಗೂ ಒಳ್ಳೆಯದಕ್ಕಾಗಿ ದುಡಿಯುತ್ತಾರೆ ಎನ್ನುತ್ತದೆ. ಸಾವಿನ ಮನೆಯಲ್ಲಿ ಮೊದಲ ದಿನವೇ ಅದನ್ನು ಓದಬೇಡಿ.

ಓದಲೇಬೇಕಾದರೆ 13ನೇ ಕೀರ್ತನೆ. ಆರೇ ವಚನ, ಮೊದಲೆರಡರಲ್ಲೇ "ಎಷ್ಟರ ತನಕ" ಎಂಬ ಪ್ರಶ್ನೆ ನಾಲ್ಕು ಸಲ, ಕೊನೆಗೆ ಭರವಸೆ. ಭರವಸೆಯ ಮಾತನ್ನು ಕೇಳಲಾರದ ಸ್ಥಿತಿಯಲ್ಲಿರುವವರಿಗೆ 88ನೇ ಕೀರ್ತನೆ ಆಗುತ್ತದೆ, ಅದರ 18 ವಚನಗಳು ಕತ್ತಲೆಯಲ್ಲೇ ಮುಗಿಯುತ್ತವೆ. ಒಬ್ಬರು ನಿಧಾನವಾಗಿ ಓದಿದರೆ ಸಾಕು, ವಿವರಣೆ ಸೇರಿಸಬೇಡಿ. ಹೊರಡುವ ಮುಂಚೆ ಮನೆಯವರನ್ನು ಎರಡು ವಿಷಯ ಕೇಳಿ: ಮಂಗಳೂರಿಗೆ ಮುಂದಿನ ಸಲ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ, ಆವತ್ತು ಜೊತೆಗೆ ಬರಲು ಯಾರಿದ್ದಾರೆ. ಪಿಂಚಣಿಗೋ ಪರಿಹಾರಕ್ಕೋ ಕೊಟ್ಟ ಅರ್ಜಿ ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಅದರ ನಂಬರು ಬರೆದುಕೊಂಡು, ಕೂಟದಲ್ಲಿ ಕಚೇರಿಗೆ ಹೋಗಿಬರುವ ಅಭ್ಯಾಸವಿರುವವರ ಕೈಗೆ ಕೊಡಿ.