ಕೀಹೋಲ್ ಮಂಡಿ ಆಪರೇಷನ್: ಒಳಗೆ ಏನು ಮಾಡಿದ್ದಾರೆ ಅಂತ ಮೊದಲು ಕೇಳಿ

ಆರ್ತೊ (ಮೂಳೆ, ಕೀಲಿನ) ವಾರ್ಡಿನ ಪೋಸ್ಟಿಂಗ್ ಶುರುವಾದ ಮೇಲೆ ಬರೆದಿಟ್ಟುಕೊಂಡ ಟಿಪ್ಪಣಿ ಇದು. ಫಿಸಿಯೋ ಓದುವವರಿಗೂ ನರ್ಸಿಂಗ್ ಓದುವವರಿಗೂ ಉಪಯೋಗವಾಗಬಹುದು.

ಹೊರಗೆ ಕಾಣುವುದು ಇಷ್ಟೇ. ಮಂಡಿಚಿಪ್ಪಿನ ಕೆಳಗೆ, ಚಿಪ್ಪನ್ನು ಕೆಳಗಿನ ಮೂಳೆಗೆ ಕಟ್ಟುವ ಪಟೆಲ್ಲರ್ ಟೆಂಡನ್ನಿನ ಆಚೆ ಈಚೆ, ಸೆಂಟಿಮೀಟರ್‌ಗೂ ಚಿಕ್ಕದಾದ ಎರಡು ತೂತು. ಒಂದರಲ್ಲಿ ಸುಮಾರು 4 ಮಿ.ಮೀ. ದಪ್ಪದ ಕ್ಯಾಮೆರಾ ಕೊಳವೆ, ಇನ್ನೊಂದರಲ್ಲಿ ಕತ್ತರಿಸುವ ಸಲಕರಣೆ. ಒಳಗೆ ಜಾಗ ಆಗಲಿ ಅಂತ ಸಲೈನ್ ತುಂಬಿ ಮಂಡಿಯನ್ನು ಉಬ್ಬಿಸುತ್ತಾರೆ. ಸಾಮಾನ್ಯವಾಗಿ ಬಳಸುವ ಕ್ಯಾಮೆರಾ ನೇರ ನೋಡುವುದಿಲ್ಲ, 30 ಡಿಗ್ರಿ ಓರೆಗೆ ನೋಡುತ್ತದೆ. ಕೊಳವೆಯನ್ನು ಇದ್ದಲ್ಲೇ ತಿರುಗಿಸಿದರೆ ಮೂಲೆ ಮುಡುಕೂ ಕಾಣುತ್ತದೆ.

ವೈವಾದಲ್ಲಿ (ಬಾಯಿ ಪರೀಕ್ಷೆಯಲ್ಲಿ) ಚರಿತ್ರೆ ಕೇಳಿದರೆ ಎರಡು ಹೆಸರು ಸಾಕು. ಟೋಕಿಯೋದ ಕೆಂಜಿ ತಕಾಗಿ 1918ರಲ್ಲಿ ಮೂತ್ರಕೋಶ ನೋಡುವ ಕೊಳವೆಯನ್ನೇ ಶವದ ಮಂಡಿಯೊಳಗೆ ತೂರಿಸಿ ನೋಡಿದರು. ಅವರ ಶಿಷ್ಯ ಮಸಾಕಿ ವತನಾಬೆ 1962ರಲ್ಲಿ ಇದೇ ದಾರಿಯಲ್ಲಿ ಮೆನಿಸ್ಕಸ್ಸಿನ, ಅಂದರೆ ಮಂಡಿಯ ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿಯ, ಹರಿದ ಭಾಗ ತೆಗೆದರು.

ಈಗ ಮುಖ್ಯ ವಿಷಯ. ಒಂದೇ ಥರದ ಎರಡು ತೂತಿನ ಹಿಂದೆ ಬೇರೆ ಬೇರೆ ಆಪರೇಷನ್ ಇರುತ್ತದೆ. ಮೆನಿಸ್ಕಸ್ಸಿಗೆ ರಕ್ತ ಬರುವುದು ಹೊರ ಅಂಚಿನಿಂದ. ಅಲ್ಲಿ ಹರಿದಿದ್ದರೆ ಹೊಲಿಗೆ ಹಾಕಬಹುದು, ಕೂಡಿಕೊಳ್ಳುತ್ತದೆ. ಒಳ ಅಂಚಿಗೆ ರಕ್ತ ಇಲ್ಲ, ಕೂಡುವುದು ಕಷ್ಟ. ಹಾಗಾಗಿ ಅಲ್ಲಿಯ ಚೂರನ್ನು ಹೆಚ್ಚಾಗಿ ಕತ್ತರಿಸಿ ತೆಗೆಯುತ್ತಾರೆ. ತೆಗೆಸಿಕೊಂಡವರು ಸಾಮಾನ್ಯವಾಗಿ ಅವತ್ತೋ ಮಾರನೇ ದಿನವೋ ಕಾಲೂರಿ ನಡೆಯುತ್ತಾರೆ. ಹೊಲಿಸಿಕೊಂಡವರಿಗೆ ಮಾತ್ರ 4ರಿಂದ 6 ವಾರ ಬ್ರೇಸ್ (ಮಂಡಿಗೆ ಕಟ್ಟುವ ಆಧಾರ ಪಟ್ಟಿ), ಬಗ್ಗಿಸುವುದು ಹೆಚ್ಚಾಗಿ 90 ಡಿಗ್ರಿಯವರೆಗಷ್ಟೇ. ಮೆನಿಸ್ಕಸ್ ಪೂರ್ತಿ ಉಳಿದವರಿಗೇ ಜಾಸ್ತಿ ಕಟ್ಟುಪಾಡು! ಪಕ್ಕದ ಬೆಡ್ಡಿನವರು ಓಡಾಡುತ್ತಿದ್ದಾರೆ, ನನಗ್ಯಾಕೆ ಬಿಡಲ್ಲ ಅಂತ ರೋಗಿ ಕೇಳಿದರೆ ಉತ್ತರ ಇದೇ. ಮಂಡಿಯೊಳಗೆ ಎರಡು ಮೂಳೆಗಳನ್ನು ಕಟ್ಟಿಹಿಡಿಯುವ ಎಸಿಎಲ್ ಲಿಗಮೆಂಟ್ ಹೊಸದಾಗಿ ಕೂರಿಸಿದ್ದರಂತೂ ಆಟಕ್ಕೆ ಮರಳಲು 9 ತಿಂಗಳಾದರೂ ಬೇಕು. ಅದಕ್ಕೇ, ಕಾಲು ಮುಟ್ಟುವ ಮೊದಲು ಕೇಸ್ ಶೀಟಿನಲ್ಲಿ ಆಪರೇಷನ್ ನೋಟ್ಸ್ ಓದಿ.

ಸವೆದ ಮಂಡಿಯನ್ನು ಒಳಗೆ ತೊಳೆದು, ಕೆರೆದು ಬರುವುದು ಬೇರೆ ಕಥೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 180 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿದಿದ್ದರು. ಎರಡು ವರ್ಷ ನೋಡಿದರೂ ಅವರಿಗೂ ನಿಜವಾದ ಆಪರೇಷನ್ ಆದವರಿಗೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ವಯಸ್ಸಾಗಿ ಸವೆದ ಮಂಡಿಗೆ ಮೊದಲ ಮದ್ದು ವ್ಯಾಯಾಮ, ತೂಕ ಇಳಿಸುವುದು. ಇದು ಪರೀಕ್ಷೆಗೂ ಬೇಕು, ಮನೆಯ ದೊಡ್ಡವರು ಕೇಳಿದಾಗಲೂ ಬೇಕು.

ಆಪರೇಷನ್‌ಗೆ ಮುಂಚೆ

ಉಪವಾಸದ ಲೆಕ್ಕ: ಗಟ್ಟಿ ಆಹಾರ 6 ಗಂಟೆ ಮುಂಚೆ ನಿಲ್ಲಬೇಕು, ನೀರು 2 ಗಂಟೆ ಮುಂಚೆ. ಎಲ್ಲರೂ ಎಡವುವುದು ಕಾಫಿಯಲ್ಲಿ. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಊಟದ ಲೆಕ್ಕಕ್ಕೆ ಬರುತ್ತದೆ. ‘ಏನೂ ತಿಂದಿಲ್ಲ, ಅರ್ಧ ಲೋಟ ಕಾಫಿ ಅಷ್ಟೇ’ ಅಂದವರ ಆಪರೇಷನ್ ಮುಂದಕ್ಕೆ ಹೋಗುತ್ತದೆ.

ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ನಿಲ್ಲಿಸಬೇಕೋ ಮುಂದುವರಿಸಬೇಕೋ ಡಾಕ್ಟರು ಹೇಳಲಿ, ತಾವೇ ನಿಲ್ಲಿಸಬಾರದು. ಮನೆಯಲ್ಲಿ ರೇಜರಿನಿಂದ ಕಾಲು ಬೋಳಿಸಿಕೊಂಡು ಬರುವುದೂ ಬೇಡ. ಸಣ್ಣ ಗೀರು ಸಾಕು, ಸೋಂಕಿಗೆ ದಾರಿ. ಯಾವ ಕಾಲು ಅಂತ ಪೆನ್ನಿನಲ್ಲಿ ಬಾಣ ಹಾಕುತ್ತಾರೆ. ರೋಗಿ ಎಚ್ಚರವಾಗಿದ್ದಾಗಲೇ ಅವರ ಬಾಯಲ್ಲೇ ಹೇಳಿಸಿ ಹಾಕಬೇಕು.

ಊರುಗೋಲು ಹಿಡಿಯುವುದನ್ನೂ ಮುಂಚೆಯೇ ಕಲಿಸಿಬಿಡಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನೋವಿದ್ದಾಗ ಹೊಸದು ತಲೆಗೆ ಹತ್ತುವುದಿಲ್ಲ. ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂರುವ ಕಕ್ಕಸು ಮಾತ್ರ ಇದ್ದರೆ ಕಮೋಡ್ ಕುರ್ಚಿ ಮೊದಲೇ ತರಿಸಿಡಲಿ.

ಆಪರೇಷನ್ ಆದಮೇಲೆ

ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಕೆಲವು ಗಂಟೆ ಕಾಲು ಮರಗಟ್ಟಿರುತ್ತದೆ. ಮೊದಲ ಸಲ ನಿಲ್ಲಿಸುವಾಗ ಪಕ್ಕದಲ್ಲಿ ಜನ ಇರಬೇಕು. ಮೂತ್ರ ಹೋಯಿತಾ ಅಂತ ಕೇಳಲು ಮರೆಯಬೇಡಿ.

ಇನ್ನು ನಮ್ಮ ಮನೆಯಲ್ಲೇ ಆದ ತಪ್ಪು. ಕಬಡ್ಡಿ ಆಡಿ ಮೆನಿಸ್ಕಸ್ ಹರಿದುಕೊಂಡ ನಮ್ಮಣ್ಣನಿಗೆ ಒಳಗಿನ ಚೂರು ತೆಗೆದಿದ್ದರು. ಮನೆಗೆ ಬಂದ ರಾತ್ರಿಯೇ ಅಮ್ಮ ಪ್ರೀತಿಯಿಂದ ಮಂಡಿ ಕೆಳಗೆ ದಿಂಬು ಇಟ್ಟರು. ಅವನಿಗೂ ಹಾಯೆನಿಸಿತು. ಊದಿದ ಮಂಡಿಗೆ ಸ್ವಲ್ಪ ಬಗ್ಗಿದ್ದರೇ ಆರಾಮ, ಅದೇ ಮೋಸ. ಹತ್ತು ದಿನ ಹಾಗೇ ಮಲಗಿದ, ಕಾಲು ನೇರ ಆಗಲೇ ಇಲ್ಲ. ಕುಂಟುತ್ತಲೇ ನಡೆದ. ದಿಂಬು ಇಡಬೇಕಾದದ್ದು ಹಿಮ್ಮಡಿ ಕೆಳಗೆ. ಆಗ ಮಂಡಿ ತನ್ನ ಭಾರಕ್ಕೆ ತಾನೇ ಇಳಿದು ನೇರವಾಗುತ್ತದೆ. ಮೊದಲ ವಾರ ನಾವು ನೋಡಬೇಕಾದದ್ದು ಎಷ್ಟು ಬಗ್ಗುತ್ತದೆ ಅಂತಲ್ಲ, ಪೂರ್ತಿ ನೇರ ಆಗುತ್ತದಾ ಅಂತ.

ಎರಡನೆಯದು ತೊಡೆ. ಕೀಲಿನೊಳಗೆ ನೀರು ತುಂಬಿದರೆ ತೊಡೆಯ ಮುಂಭಾಗದ ಸ್ನಾಯು ಕ್ವಾಡ್ರಿಸೆಪ್ಸಿಗೆ ಹೋಗುವ ಆಜ್ಞೆಯನ್ನು ನರಮಂಡಲವೇ ತಗ್ಗಿಸಿಬಿಡುತ್ತದೆ. ಪುಸ್ತಕದಲ್ಲಿ ಆರ್ತ್ರೋಜೆನಿಕ್ ಮಸಲ್ ಇನ್‌ಹಿಬಿಷನ್ ಅಂತ ಇರುವುದು ಇದೇ. ರೋಗಿ ಸೋಮಾರಿ ಅಲ್ಲ, ಸ್ನಾಯುವೇ ಮಾತು ಕೇಳುತ್ತಿಲ್ಲ. ಕಾಲು ಚಾಚಿ ಮಲಗಿಸಿ, ಮಂಡಿ ಕೆಳಗೆ ನಿಮ್ಮ ಅಂಗೈ ಇಡಿ. ‘ನನ್ನ ಕೈಯನ್ನು ಹಾಸಿಗೆಗೆ ಒತ್ತಿ’ ಅನ್ನಿ. 5 ಸೆಕೆಂಡ್ ಹಿಡಿಸಿ, ಬಿಡಿಸಿ. ಮಂಡಿಚಿಪ್ಪು ತೊಡೆಯ ಕಡೆ ಸರಿಯುವುದು ಕಾಣಬೇಕು. ಬರೀ ಸೊಂಟ ಎತ್ತಿ ಮೋಸ ಮಾಡುವವರು ಇದ್ದಾರೆ, ಚಿಪ್ಪಿನ ಮೇಲೇ ಕಣ್ಣಿಡಿ. ಇದು ಬಂದಮೇಲೆ ನೇರ ಕಾಲೆತ್ತುವುದು. ಎತ್ತುವಾಗ ಮಂಡಿ ಬಗ್ಗಿ ಜೋತುಬಿದ್ದರೆ ಲ್ಯಾಗ್ ಇದೆ, ಅಂದರೆ ಮಂಡಿಯನ್ನು ನೇರ ಹಿಡಿಯುವಷ್ಟು ಬಲ ಸ್ನಾಯುವಿಗೆ ಇನ್ನೂ ಬಂದಿಲ್ಲ ಅಂತ ಅರ್ಥ, ಊರುಗೋಲು ಬಿಡಿಸುವ ಹೊತ್ತಲ್ಲ.

ಐಸ್ ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ, ದಿನಕ್ಕೆ ನಾಲ್ಕೈದು ಸಲ. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ. ಅಲ್ಲಿಯವರೆಗೆ ಗಾಯ ನೆನೆಯಬಾರದು.

ಎಣ್ಣೆ ತಿಕ್ಕುವ ಅಜ್ಜಿಯರನ್ನು ಸ್ವಲ್ಪ ತಡೆಯಬೇಕು. ಮೀನಖಂಡ ಊದಿ, ಮುಟ್ಟಿದರೆ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗುವ ಭಯ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅಥವಾ ಎದೆನೋವು ಬಂದರೆ ತಕ್ಷಣ ಎಮರ್ಜೆನ್ಸಿಗೆ. ಜ್ವರ, ಕೀವು, ದಿನದಿನಕ್ಕೆ ಇಳಿಯುವ ಬದಲು ಏರುವ ನೋವು ಕಂಡರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು.

ಚಕ್ಕಳಮಕ್ಕಳ ಯಾವಾಗ ಕೂರಬಹುದು ಅಂತ ಎಲ್ಲರೂ ಕೇಳುತ್ತಾರೆ. ಚೂರು ತೆಗೆದವರಿಗೆ ಊತ ಇಳಿದು, ನೋವಿಲ್ಲದೆ ಬಗ್ಗಿದಾಗ. ಹೊಲಿಗೆ ಹಾಕಿದವರಿಗೆ ತಿಂಗಳುಗಟ್ಟಲೆ ಇಲ್ಲ, ಕುಕ್ಕರುಗಾಲಲ್ಲಿ ಕೂರುವುದಂತೂ ಇನ್ನೂ ತಡ.

ಅಣ್ಣನ ಮಂಡಿ ನೇರ ಆಗಲು ಆಮೇಲೆ ಮೂರು ವಾರ ಹಿಡಿಯಿತು. ದಿನಾ ರಾತ್ರಿ ಅಮ್ಮ ಮಂಡಿ ಕೆಳಗೆ ಕೈ ತೂರಿಸಿ ನೋಡುತ್ತಿದ್ದರು. ಒಂದು ದಿನ ಬೆರಳು ಕೂಡ ಹೋಗಲಿಲ್ಲ.