ಪಾರ್ಟು ಬಾಯಿಪಾಠ ಆಗಿದೆ, ಸರಿ. ಕ್ಯೂ?

ಜಾತ್ರೆ ಹತ್ತಿರ ಬಂತು ಅಂದ್ರೆ ದಾವಣಗೆರೆ ಸುತ್ತಲಿನ ಹಳ್ಳಿಗಳಲ್ಲಿ ನಾಟಕದ ತಾಲೀಮು ಶುರುವಾಗುತ್ತದೆ. ಕಲಿಸಲು ಹೋದ ಕೂಡಲೇ ಎಲ್ಲರದೂ ಒಂದೇ ಮಾತು: 'ಮೇಷ್ಟ್ರೇ, ನನ್ನ ಪಾರ್ಟು ಪೂರ್ತಿ ಬಾಯಿಪಾಠ.' ಸಂತೋಷ. ನಿಮ್ಮ ಮಾತು ಯಾವಾಗ ಶುರು? 'ಅವನು ಮುಗಿಸಿದ ಮೇಲೆ.' ಅವನು ಏನಂತ ಮುಗಿಸುತ್ತಾನೆ? ಗೊತ್ತಿಲ್ಲ!

ವಿಂಗು ಅನ್ನುವ ಪಕ್ಕದ ಮರೆ, ಪರದೆ, ಎಂಟ್ರಿ ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ. ರಂಗದ ಬಲಗಡೆ ಅಂದ್ರೆ ಜನರಿಗೆ ಮುಖ ಮಾಡಿ ನಿಂತ ನಟನ ಬಲಗಡೆ, ಅದೂ ಬೇಗ ರೂಢಿಯಾಗುತ್ತದೆ. ಕ್ಯೂ, ಅಂದ್ರೆ ನಿಮ್ಮ ಸರದಿ ಬಂತು ಅನ್ನುವ ಸೂಚನೆ, ಅದು ಮಾತ್ರ ಯಾರ ತಲೆಗೂ ಹೋಗುವುದಿಲ್ಲ.

ಕ್ಯೂ ನಿಮ್ಮ ಮಾತಿನಲ್ಲಿ ಇರುವುದಿಲ್ಲ. ಎದುರಿನವನ ಬಾಯಲ್ಲಿ ಇರುತ್ತದೆ. ಸಾಮಾನ್ಯವಾಗಿ ಅವನ ಕೊನೆಯ ಎರಡು ಮೂರು ಪದ, ಕೆಲವು ಸಲ ಮಾತೇ ಅಲ್ಲ, ಗದೆ ಕೆಳಗಿಟ್ಟ ಸದ್ದು ಅಥವಾ ಲೈಟು ಆರುವುದು. ಶೇಕ್ಸ್‌ಪಿಯರ್ ಕಾಲದ ನಟರಿಗೆ ಇಡೀ ನಾಟಕದ ಪ್ರತಿ ಕೊಡುತ್ತಿರಲಿಲ್ಲ. ಅವರವರ ಮಾತು, ಅದರ ಹಿಂದೆ ಎದುರಿನವರ ಕೊನೆಯ ಒಂದೆರಡು ಪದ, ಅಷ್ಟೇ. ಕಥೆ ತಿಳಿಯದಿದ್ದರೂ ನಡೆಯುತ್ತದೆ, ಕ್ಯೂ ತಿಳಿಯದಿದ್ದರೆ ನಡೆಯಲ್ಲ ಅಂತ ತಾನೇ?

ಜಗಳೂರು ಕಡೆಯ ಒಂದು ಊರಲ್ಲಿ ದುರ್ಯೋಧನ 'ಬಾರೋ ರಣರಂಗಕ್ಕೆ' ಅಂದ. ಹಾರ್ಮೋನಿಯಂ ಶುರುವಾಯಿತು. ಅಷ್ಟರಲ್ಲಿ ಯಾರೋ ಮೇಲೆ ಬಂದು ಎದೆಗೆ ನೂರರ ನೋಟು ಪಿನ್ ಮಾಡಿದರು ನೋಡಿ, ಖುಷಿಗೆ ಇನ್ನೆರಡು ಮಾತು ಸೇರಿಸಿಬಿಟ್ಟ. ಹಾರ್ಮೋನಿಯಂ ನಿಂತಿತು. ತಬಲಾ ನಿಲ್ಲಲಿಲ್ಲ. ಮೊದಲ ಕ್ಯೂ ಕೇಳಿಸಿಕೊಂಡಿದ್ದ ಭೀಮ ಹೊರಗೆ ಬಂದು, ಗದೆ ಹೆಗಲ ಮೇಲಿಟ್ಟುಕೊಂಡು, ದುರ್ಯೋಧನನ ಬೈಗುಳ ಮುಗಿಯುವ ತನಕ ಪರದೆಯ ಅರಮನೆ ನೋಡುತ್ತಾ ನಿಂತಿದ್ದ. ಪಾಪ, ಅವನದೇನೂ ತಪ್ಪಿಲ್ಲ.

ಮಾತು ಸೇರಿಸಲೇಬಾರದು ಅಂತ ನಾನು ಹೇಳುವುದಿಲ್ಲ. ಹಾಸ್ಯ ಪಾತ್ರಕ್ಕೆ ಆ ಸಲುಗೆ ಮೊದಲಿನಿಂದಲೂ ಇದೆ. ಬೇರೆ ನಿರ್ದೇಶಕರು ಬೇರೆ ರೀತಿ ಹೇಳಬಹುದು. ಆದರೆ ಎಷ್ಟೇ ಸೇರಿಸಿ, ಮಧ್ಯದಲ್ಲಿ ಸೇರಿಸಿ, ಕೊನೆಯ ಪದ ಪುಸ್ತಕದಲ್ಲಿ ಇದ್ದ ಹಾಗೇ ಬರಲಿ. ಮರೆತರೆ ಮರೆಯಿಂದ ಮಾತು ಹೇಳಿಕೊಡುವ ಪ್ರಾಂಪ್ಟರ್ ಇದ್ದಾನಲ್ಲ ಅನ್ನಬೇಡಿ. ಮೇಲೆ ತೂಗುಬಿಟ್ಟ ಮೈಕಿಗೆ ಅವನ ದನಿಯೂ ಬೀಳುತ್ತದೆ, ಜನಕ್ಕೆ ಒಂದೇ ಡೈಲಾಗು ಎರಡು ಸಲ.

ಊರೂರು ತಿರುಗಿ ನಾಟಕ ಆಡುವ ಸಾಣೇಹಳ್ಳಿಯ ಶಿವಸಂಚಾರ ತಂಡದವರು ನಿಮ್ಮ ಊರಿಗೆ ಬಂದರೆ, ಮಾತಾಡುವವನನ್ನು ಬಿಟ್ಟು ಸುಮ್ನೆ ನಿಂತವನನ್ನು ನೋಡಿ. ಅವನ ಕಿವಿ ಕೆಲಸ ಮಾಡುವುದು ಗೊತ್ತಾಗುತ್ತದೆ.

ಪುಸ್ತಕದಲ್ಲಿ ನಿಮ್ಮ ಮಾತಿನ ಹಿಂದಿನ ಸಾಲಿಗೆ ಕೆಂಪು ಗೆರೆ ಎಳೆಯಿರಿ. ಮನೆಯಲ್ಲಿ ಯಾರಾದರೂ ಆ ಸಾಲುಗಳನ್ನು ಮಾತ್ರ ಹಿಂದೆಮುಂದೆ ಮಾಡಿ ಓದಲಿ, ನಿಮ್ಮ ಮಾತು ತಟ್ಟನೆ ಬರಬೇಕು. ಹಾಗೇ ಲೈಟಿನವರಿಗೂ ನಾಟಕದ ಪುಸ್ತಕದ ಒಂದು ಪ್ರತಿ ಕೊಡಿ, ದಯವಿಟ್ಟು. ನಾಟಕದ ದಿನ ಸಂಜೆ ಬಂದು 'ಯಾವಾಗ ಆರಿಸಲಿ ಸಾರ್?' ಅಂತ ಅವರು ನನ್ನನ್ನು ಕೇಳುವ ಹಾಗೆ ಮಾಡಬೇಡಿ.