ಬಟಾಣಿಯೊಳಗಿನ ಕಿಣ್ವಕ್ಕೆ ಬಿಸಿ ಯಾಕೆ?

ಒಂದು ಸೇಬು ಹೆಚ್ಚಿ ತಟ್ಟೆಯಲ್ಲಿಡಿ. ಸ್ವಲ್ಪ ಹೊತ್ತಿಗೇ ಹೋಳುಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಚಾಕು ತಗುಲಿ ಜೀವಕೋಶಗಳು ಒಡೆದವು. ಅಲ್ಲಿಯವರೆಗೆ ಬೇರೆ ಬೇರೆ ಇದ್ದ ಪಾಲಿಫೀನಾಲ್ ಎಂಬ ಸಸ್ಯದ ರಾಸಾಯನಿಕಗಳೂ ಅವುಗಳ ಮೇಲೆ ಕೆಲಸ ಮಾಡುವ ಕಿಣ್ವವೂ (ಎನ್‌ಝೈಮ್, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಗಾಳಿಯ ಆಮ್ಲಜನಕದ ಜೊತೆ ಸೇರಿದವು, ಅಷ್ಟೇ.

'ಸಂಸ್ಕರಿಸಿದ ಆಹಾರದಲ್ಲಿ ಕಿಣ್ವಗಳೆಲ್ಲ ಸತ್ತಿರುತ್ತವೆ, ಸತ್ವವೇ ಇಲ್ಲ' ಎಂಬ ಮಾತು ಕೇಳಿದಾಗಲೆಲ್ಲ ನನಗೆ ಈ ಹೋಳು ನೆನಪಾಗುತ್ತದೆ. ಕಿಣ್ವ ಇರುವುದು ಗಿಡದ ಕೆಲಸಕ್ಕೆ, ನಮಗಾಗಿ ಅಲ್ಲ. ಅದೊಂದು ಪ್ರೋಟೀನ್. ನಾವು ತಿಂದರೆ ಬಹುಪಾಲು ಉಳಿದ ಪ್ರೋಟೀನಿನ ಹಾಗೇ ಜೀರ್ಣವಾಗುತ್ತದೆ. ಜೀರ್ಣಕ್ಕೆ ಬೇಕಾದ ಕಿಣ್ವಗಳನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ.

ಹಸಿ ಬಟಾಣಿಯನ್ನೇ ನೋಡಿ. ಗಿಡದಿಂದ ಕಿತ್ತ ಮೇಲೂ ಅದರ ಕಿಣ್ವಗಳು ಸುಮ್ನೆ ಕೂರುವುದಿಲ್ಲ. ಸಿಹಿ ಇಳಿಯುತ್ತದೆ, ವಿಟಮಿನ್ ಸಿ ಕಡಿಮೆಯಾಗುತ್ತಾ ಹೋಗುತ್ತದೆ. ಲಿಪಾಕ್ಸಿಜಿನೇಸ್ ಎಂಬ ಕಿಣ್ವ ಕೊಬ್ಬಿನಂಶವನ್ನು ಕೆಡಿಸಿ ಕೆಟ್ಟ ವಾಸನೆ ತರುತ್ತದೆ. ಮೈನಸ್ 18 ಡಿಗ್ರಿ ಫ್ರೀಜರ್‌ನಲ್ಲೂ ಈ ಕೆಲಸ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಅದಕ್ಕೇ ಫ್ರೀಜ್ ಮಾಡುವ ಮೊದಲು ಬಟಾಣಿಯನ್ನು ಒಂದೆರಡು ನಿಮಿಷ ಕುದಿನೀರಿಗೋ ಹಬೆಗೋ ಒಡ್ಡಿ, ತಕ್ಷಣ ತಣ್ಣಗಾಗಿಸುತ್ತಾರೆ. ಇದೇ ಬ್ಲಾಂಚಿಂಗ್. ಸಾಕಷ್ಟು ಬಿಸಿ ತಗುಲಿತೇ ಎಂದು ತಿಳಿಯಲು ಪೆರಾಕ್ಸಿಡೇಸ್ ಪರೀಕ್ಷೆ ಮಾಡುವುದುಂಟು. ಬಿಸಿಯನ್ನು ಚೆನ್ನಾಗಿ ತಡೆದುಕೊಳ್ಳುವ ಕಿಣ್ವ ಅದು. ಅದೇ ಸೋತಿದ್ದರೆ ಉಳಿದವು ಯಾವಾಗಲೋ ಸೋತಿರುತ್ತವೆ.

ಇದರಲ್ಲಿ ನಷ್ಟ ಇಲ್ಲವೇ? ಖಂಡಿತ ಇದೆ. ನೀರಲ್ಲಿ ಕರಗುವ ವಿಟಮಿನ್ ಸಿ, ಫೋಲೇಟ್ ಸ್ವಲ್ಪ ಆ ನೀರಿನ ಜೊತೆ ಹೋಗುತ್ತವೆ. ಹಬೆಯಾದರೆ ನಷ್ಟ ಕಡಿಮೆ. ಆದರೆ ಆಮೇಲೆ ಉಳಿದದ್ದು ತಿಂಗಳುಗಟ್ಟಲೆ ಬಹಳ ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ನಾಲ್ಕಾರು ದಿನ ಹೊರಗಿದ್ದ 'ತಾಜಾ' ಬಟಾಣಿಗಿಂತ ಫ್ರೀಜ್ ಮಾಡಿದ್ದರಲ್ಲೇ ವಿಟಮಿನ್ ಸಿ ಜಾಸ್ತಿ ಇರಬಹುದು.

ಬಿಸಿಯೇ ಬೇಡ ಅನ್ನುವ ದಾರಿಯೂ ಇದೆ. ಹಣ್ಣಿನ ರಸದ ಬಾಟಲಿಯನ್ನು ನೀರಿನೊಳಗಿಟ್ಟು ವಾತಾವರಣದ ಸುಮಾರು 6,000 ಪಟ್ಟು ಒತ್ತಡ ಹಾಕುತ್ತಾರೆ. ಸೂಕ್ಷ್ಮಜೀವಿಗಳು ಸಾಯುತ್ತವೆ, ವಿಟಮಿನ್‌ನಂಥ ಪುಟ್ಟ ಅಣುಗಳು ಹೆಚ್ಚಾಗಿ ಉಳಿಯುತ್ತವೆ. ಆದರೆ ಕೆಲವು ಕಿಣ್ವಗಳು ಅಷ್ಟು ಒತ್ತಡಕ್ಕೂ ಜಗ್ಗುವುದಿಲ್ಲ. ಆ ರಸವನ್ನು ಫ್ರಿಜ್‌ನಲ್ಲೇ ಇಡಬೇಕಾಗುವುದಕ್ಕೆ ಇದೂ ಒಂದು ಕಾರಣ.

ಆದರೆ ಕಿಣ್ವ ಹೋದರೆ ನಮಗೇ ನಷ್ಟವಾಗುವ ತರಕಾರಿಗಳೂ ಇವೆ, ಉದಾಹರಣೆಗೆ ಬ್ರೊಕೊಲಿ. ಅದನ್ನು ಹೆಚ್ಚಿದಾಗ ಮೈರೋಸಿನೇಸ್ ಎಂಬ ಕಿಣ್ವ ಸಲ್ಫೊರಾಫೇನ್ ಹುಟ್ಟುವಂತೆ ಮಾಡುತ್ತದೆ. ಆರೋಗ್ಯಕ್ಕೆ ಒಳ್ಳೆಯದಿರಬಹುದು ಎಂದು ವಿಜ್ಞಾನಿಗಳು ಆಸೆಯಿಂದ ನೋಡುತ್ತಿರುವ ವಸ್ತು ಇದು. ಹೆಚ್ಚಿದ ಕೂಡಲೇ ಬೇಯಿಸಿದರೆ ಕಿಣ್ವ ಕೆಲಸ ಮುಗಿಸುವ ಮೊದಲೇ ನಿಂತುಬಿಡುತ್ತದೆ. ಹೆಚ್ಚಿ ಅರ್ಧ ಗಂಟೆಗೂ ಮೇಲೆ ಬಿಟ್ಟು ಬೇಯಿಸಿ. ಅಷ್ಟು ಸಮಯ ಇಲ್ವಾ? ಬೆಂದ ಮೇಲೆ ಚಿಟಿಕೆ ಹಸಿ ಸಾಸಿವೆ ಪುಡಿ ಉದುರಿಸಿ. ಅದೇ ಕಿಣ್ವ ಸಾಸಿವೆಯಲ್ಲೂ ಇದೆ.